ಗುಡ್ಡದ ಗಿಡಗಳ ಲೆಕ್ಕ ಯಾರ ಖಾತೆಗೆ?

ಹುಬ್ಬಳ್ಳಿಯಿಂದ ಗದಗಿನ ಕಡೆಗೆ ಹೊರಟವರಿಗೆ ದಾರಿಯಲ್ಲಿ ಶಿರಗುಪ್ಪಿ ಸಿಗುತ್ತದೆ. ಎತ್ತ ನೋಡಿದರೂ ಎರೆಭೂಮಿ. ಹತ್ತಿ, ಮೆಣಸಿನಕಾಯಿ, ಕಡಲೆ, ಜೋಳ. ಗುಡ್ಡವಿಲ್ಲ, ಅಡವಿಯಿಲ್ಲ. ಇಂಥ ಊರಿನಲ್ಲಿ ನಿಂತು, ಗದಗ ಜಿಲ್ಲೆಯ ಕಪ್ಪತಗುಡ್ಡದ ಗಿಡಗಂಟಿಗಳನ್ನು ಯಾರು ಎಣಿಸಬೇಕು, ಹೇಗೆ ಎಣಿಸಬೇಕು ಎಂಬ ಮಾತು ತೆಗೆದರೆ, "ನಮಗೂ ಅದಕ್ಕೂ ಏನು ಸಂಬಂಧ?" ಎಂದು ಕೇಳುವವರು ಇದ್ದೇ ಇರುತ್ತಾರೆ. ಪಾಳಿ ಮುಗಿಸಿ ಬಂದ ಗಿರಣಿ ಕಾಮಗಾರನೂ ಕೇಳಿಯಾನು, ಕಿರಾಣಿ ಅಂಗಡಿಯ ಗಲ್ಲೆಯ ಮೇಲೆ ಕುಳಿತವನೂ ಕೇಳಿಯಾನು. ತುಟ್ಟಿಯ ಕಾಲದಲ್ಲಿ ಸೊಪ್ಪುಸದೆಯ ಲೆಕ್ಕ ಯಾರಿಗೆ ಬೇಕಾಗಿದೆ?

ಬೇಕಾಗಿದೆ. ಬೇಕಾದವರು ಸುಮ್ಮನೆ ಕುಳಿತೂ ಇಲ್ಲ. ನೆಲನೆಲ್ಲಿಯ ಪುಡಿ ಡಬ್ಬಿಯೊಳಗೆ ಸೇರಿ, ಮೇಲೆ ಬಣ್ಣದ ಚೀಟಿ ಅಂಟಿಸಿಕೊಂಡು, ಅದೇ ಕಿರಾಣಿ ಅಂಗಡಿಗೆ ನೂರಾರು ರೂಪಾಯಿಯ ಮಾಲಾಗಿ ಬರುತ್ತದೆ. ಕಿತ್ತವಳಿಗೆ ದಕ್ಕಿದ್ದು ಎಷ್ಟು, ಮಾರಿದವನಿಗೆ ಉಳಿದದ್ದು ಎಷ್ಟು, ಡಬ್ಬಿಗೆ ತುಂಬಿದವನು ಹೊಡೆದದ್ದು ಎಷ್ಟು ಎಂಬ ಲೆಕ್ಕವನ್ನು ನಮ್ಮ ಓದುಗರಿಗೆ ನಾವು ಕಲಿಸಬೇಕಾಗಿಲ್ಲ. ಹತ್ತಿಯ ವಿಷಯದಲ್ಲಿ ಅದನ್ನು ಅವರು ತಲೆಮಾರುಗಳಿಂದ ಕಂಡಿದ್ದಾರೆ. ಬೆಳೆದವನೊಬ್ಬ, ನೂತವನೊಬ್ಬ, ನೆಯ್ದವನೊಬ್ಬ, ಉಂಡವನೇ ಬೇರೊಬ್ಬ. ಈಗ ಅದೇ ಆಟ ಗುಡ್ಡದ ಬೇರಿನ ಮೇಲೆ ನಡೆದಿದೆ. ಆ ಆಟದ ಮೊದಲನೆಯ ಎಲೆಯೇ ಸಮೀಕ್ಷೆ.

ಕಪ್ಪತಗುಡ್ಡ ಎಂದರೆ ಒಂದು ಗುಡ್ಡವಲ್ಲ, ಸಾಲು ಗುಡ್ಡ. ಗದಗಿನ ಹತ್ತಿರದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ, ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳನ್ನು ಹಾಯ್ದು ಬಿದ್ದುಕೊಂಡಿದೆ. ಮಳೆ ಕಡಿಮೆಯಾದ ಬಯಲುಸೀಮೆಯ ನಡುವೆ ಮೋಡಕ್ಕೆ ಒಡ್ಡಿದ ಒಡ್ಡು ಅದು. ಎಪ್ಪತ್ತು ಗಿರಿ ಸುತ್ತುವುದಕ್ಕಿಂತ ಕಪ್ಪತಗಿರಿ ಏರುವುದು ಲೇಸೆಂಬ ಅರ್ಥದ ಮಾತು ನಮ್ಮ ಸೀಮೆಯಲ್ಲಿದೆ. ಆದರೆ ಮೊದಲು ಆ ಗಿರಿ ಏರಿದ ಸರಕಾರಿ ಮನುಷ್ಯರು ಗಿಡ ನೋಡಲು ಏರಲಿಲ್ಲ, ಕಲ್ಲು ನೋಡಲು ಏರಿದರು. ಬ್ರಿಟಿಷರ ಭೂವಿಜ್ಞಾನ ಸರ್ವೇಕ್ಷಣ ಇಲಾಖೆ 1851ರಲ್ಲಿ ಹುಟ್ಟಿತು, ಸಸ್ಯ ಸರ್ವೇಕ್ಷಣ ಇಲಾಖೆ 1890ರಲ್ಲಿ. ನಡುವೆ 39 ವರ್ಷ. ಕಲ್ಲಿಗೆ ಅಷ್ಟು ಅವಸರ, ಹಸಿರಿಗೆ ಅಷ್ಟು ನಿಧಾನ! ಆ ಅವಧಿಯಲ್ಲಿಯೇ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಈ ಭಾಗದ ಶಿಲೆಗಳಿಗೆ 'ಧಾರವಾಡ' ಎಂದೇ ಹೆಸರಿಟ್ಟನು. ಇಂದಿಗೂ ಜಗತ್ತಿನ ಯಾವ ಮೂಲೆಯಲ್ಲಿ ಭೂವಿಜ್ಞಾನ ಕಲಿಯುವ ಹುಡುಗನೂ ಧಾರವಾಡದ ಹೆಸರು ಕೇಳಿರುತ್ತಾನೆ. ಹೆಸರಿನ ಬೆನ್ನ ಹಿಂದೆಯೇ ಬಂಗಾರದ ಕಂಪನಿಗಳು ಬಂದವು. 20ನೆಯ ಶತಮಾನದ ಮೊದಲ ದಶಕದಲ್ಲಿ ಕಬುಲಾಯತಕಟ್ಟಿಯ ಸುತ್ತ ತೋಡಿದರು. ಗಿಟ್ಟಲಿಲ್ಲವೆಂದು ಬಿಟ್ಟು ಹೋದರು. ಗುಂಡಿಗಳು ನಮಗೆ ಉಳಿದವು.

ಗಿಡಗಳ ಲೆಕ್ಕವೂ ಆಮೇಲೆ ಆಯಿತು. ಆಗ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಈಗಿನ ಗದಗ ಜಿಲ್ಲೆ 1997ರವರೆಗೆ ಧಾರವಾಡದ ಒಳಗೇ ಇತ್ತು. ಥಿಯೋಡೋರ್ ಕುಕ್ ಎಂಬಾತ ಮುಂಬಯಿ ಪ್ರಾಂತದ ಸಸ್ಯಗಳ ಗ್ರಂಥವನ್ನು 1901ರಿಂದ 1908ರವರೆಗೆ ಭಾಗಭಾಗವಾಗಿ ಹೊರತಂದನು. ಟಾಲ್‌ಬಟ್ ಎಂಬ ಅರಣ್ಯಾಧಿಕಾರಿ 1909 ಮತ್ತು 1911ರಲ್ಲಿ ಅದೇ ಪ್ರಾಂತದ ಅಡವಿಯ ಮರಗಳ ಮೇಲೆ ಎರಡು ಸಂಪುಟ ಬರೆದನು. ಕೆಲಸ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಅವರ ಶ್ರಮ ದೊಡ್ಡದು, ಆ ಗ್ರಂಥಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ. ಆದರೆ ಗಿಡದ ಲ್ಯಾಟಿನ್ ಹೆಸರಿನ ಕೆಳಗೆ ದೇಶಿ ಹೆಸರನ್ನೂ ಅಚ್ಚು ಮಾಡಿದ್ದಾರಲ್ಲ, ಆ ಹೆಸರನ್ನು ಅವರಿಗೆ ಹೇಳಿಕೊಟ್ಟವರು ಯಾರು? ಕುದುರೆಯ ಮುಂದೆ ಹಾದಿ ತೋರಿಸಿಕೊಂಡು ನಡೆದ ಕುರಿಗಾಹಿ, ಮರದ ತೊಗಟೆ ಕೆತ್ತಿ ವಾಸನೆ ತೋರಿಸಿದ ಕೂಲಿಕಾರ. ಪುಸ್ತಕದೊಳಗೆ ಹೆಸರು ಹೋಯಿತು, ಹೆಸರು ಹೇಳಿದವನು ಹೊರಗೇ ಉಳಿದನು.

ಸ್ವಾತಂತ್ರ್ಯ ಬಂದಮೇಲೆ ಸಂಗತಿ ತಿರುಗಬೇಕಾಗಿತ್ತು. ತಿರುಗಲಿಲ್ಲವೆಂದು ಪೂರ್ತಿ ಹೇಳಲಾಗದು. ಹಾಸನ ಜಿಲ್ಲೆಯ ಸಸ್ಯಗ್ರಂಥ 1976ರಲ್ಲಿ, ಕರ್ನಾಟಕದ ಸಸ್ಯಗ್ರಂಥದ ಮೊದಲ ಸಂಪುಟ 1984ರಲ್ಲಿ ಬಂದವು. ಸಾಲ್ಡಾನಾ ಎಂಬ ಪಾದ್ರಿಯೊಬ್ಬರು ಆ ಕೆಲಸಕ್ಕೆ ಬಾಳನ್ನೇ ತೆತ್ತರು. ಆದರೆ ಗ್ರಂಥಗಳೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬಿ.ಜಿ.ಎಲ್. ಸ್ವಾಮಿಯವರು 'ಹಸುರು ಹೊನ್ನು' ಬರೆದರು. ವಿದ್ಯಾರ್ಥಿಗಳ ದಂಡು ಕಟ್ಟಿಕೊಂಡು ಗಿಡ ಹುಡುಕಿ ಅಲೆದ ಕಥೆ. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಗಿಡದ ಸುದ್ದಿಯನ್ನು ಜನರ ಮಾತಿನಲ್ಲಿ ಹೇಳಿದರೆ ಜನ ಓದುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಹಾಗಿದ್ದೂ ಇಲಾಖೆಗಳ ವರದಿಗಳು ಇಂಗ್ಲಿಷನ್ನು ಬಿಟ್ಟು ಇಳಿಯಲೊಲ್ಲವು.

ಈಗ ಗುಡ್ಡದ ಹೋರಾಟಕ್ಕೆ ಬರೋಣ. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತ ಪೋಸ್ಕೋ ಎಂಬ ಕೊರಿಯಾ ದೇಶದ ಉಕ್ಕಿನ ಕಂಪನಿಗೆ ಭೂಮಿ ಹಿಡಿದುಕೊಡಲು ಸರಕಾರ ಹೊರಟಾಗ ರೈತರು ಎದ್ದು ನಿಂತರು, ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು, ಕಂಪನಿ ಕಾಲ್ತೆಗೆಯಿತು. 2015ರ ಡಿಸೆಂಬರದಲ್ಲಿ ಕಪ್ಪತಗುಡ್ಡದ 17,872 ಹೆಕ್ಟೇರನ್ನು ಸಂರಕ್ಷಿತ ಪ್ರದೇಶವೆಂದು ಸಾರಿದ ಸರಕಾರವೇ, ವರ್ಷ ತುಂಬುವುದರೊಳಗೆ, 2016ರ ನವೆಂಬರದಲ್ಲಿ, ಆ ಸಾರಿಕೆಯನ್ನು ಹಿಂದಕ್ಕೆ ಪಡೆಯಿತು. ಯಾರ ಅನುಕೂಲಕ್ಕೆ? ಗುಡ್ಡದೊಳಗಿನ ಬಂಗಾರದ ಮೇಲೆ ಯಾರ ಕಣ್ಣಿತ್ತೆಂಬುದು ಗದಗಿನ ಚಹಾದಂಗಡಿಯ ಹುಡುಗನಿಗೂ ಗೊತ್ತಿತ್ತು. ಜನ ಬೀದಿಗಿಳಿದರು. ಸ್ವಾಮಿಗಳು ಇಳಿದರು, ಧಾರವಾಡದ ಎಸ್.ಆರ್. ಹಿರೇಮಠರು ಇಳಿದರು, ಮೇಧಾ ಪಾಟಕರರು ದೂರದಿಂದ ಬಂದರು. 2017ರ ಏಪ್ರಿಲ್‌ನಲ್ಲಿ ಸರಕಾರ ಮತ್ತೆ ಮಣಿಯಿತು. 2019ರ ಮೇ ತಿಂಗಳಲ್ಲಿ 244 ಚದರ ಕಿಲೋಮೀಟರಿನಷ್ಟು ಗುಡ್ಡ ವನ್ಯಜೀವಿ ಧಾಮವಾಯಿತು. ಆ ದಿನ ಕಾಣಲು ಸ್ವಾಮಿಗಳು ಉಳಿದಿರಲಿಲ್ಲ. 2018ರ ಅಕ್ಟೋಬರದಲ್ಲಿ ತೀರಿಕೊಂಡಿದ್ದರು.

ಆ ಹೋರಾಟದಲ್ಲಿ ಜನರ ಬಾಯಲ್ಲಿದ್ದ ವಾದ ಒಂದೇ: ಇದು ಔಷಧಿಯ ಗುಡ್ಡ, ಇಲ್ಲಿ ನೂರಾರು ಬಗೆಯ ಮೂಲಿಕೆಗಳಿವೆ, ಇದನ್ನು ಅಗೆಯಬೇಡಿರಿ. ಅಂದರೆ ಗುಡ್ಡ ಉಳಿದದ್ದು ಗಿಡಗಳ ಹೆಸರಿನಲ್ಲಿ. ಮಧುನಾಶಿನಿ, ಅಶ್ವಗಂಧ, ಶತಾವರಿ, ಅಮೃತಬಳ್ಳಿ, ಸೊಗದೆಬೇರು, ಕಕ್ಕೆ, ಲಕ್ಕಿ ಮುಂತಾದ ಹೆಸರುಗಳನ್ನು ಭಾಷಣಗಳಲ್ಲಿ ಹೇಳಿದವರು ಅನೇಕರು. ಆ ಹೆಸರುಗಳನ್ನು ಭಾಷಣಕಾರರಿಗೆ ಕೊಟ್ಟವರು ಡೋಣಿ, ಕಡಕೋಳದಂಥ ಊರುಗಳ ನಾಟಿ ವೈದ್ಯರು, ಕುರಿಗಾಹಿಗಳು, ತಾಂಡೆಗಳ ಹೆಣ್ಣುಮಕ್ಕಳು. ಗುಡ್ಡವನ್ನು ಕಂಪನಿಯಿಂದ ಬಿಡಿಸಿದ ಈ ಜನರ ಗತಿ ಈಗ ಏನು?

ವನ್ಯಜೀವಿ ಸಂರಕ್ಷಣೆಯ 1972ರ ಕಾಯದೆಯ 29ನೆಯ ಕಲಮಿನ ಪ್ರಕಾರ, ಧಾಮವಾದ ಮೇಲೆ ಅಪ್ಪಣೆಯಿಲ್ಲದೆ ಅಲ್ಲಿಂದ ಯಾವ ಅರಣ್ಯವಸ್ತುವನ್ನೂ ಒಯ್ಯುವಂತಿಲ್ಲ. ಒಂದು ಹಿಡಿ ಬೇರು ಕಿತ್ತವಳೂ ಕಳ್ಳಿಯೇ. ಇನ್ನೊಂದು ಕಡೆಗೆ 2006ರ ಅರಣ್ಯ ಹಕ್ಕು ಕಾಯದೆ, ಕಿರು ಅರಣ್ಯ ಉತ್ಪನ್ನದ ಮೇಲೂ ಪಾರಂಪರಿಕ ಜ್ಞಾನದ ಮೇಲೂ ಅಡವಿಯ ಜನರಿಗೆ ಹಕ್ಕುಂಟೆಂದು ಹೇಳುತ್ತದೆ. ಆದರೆ ಪರಿಶಿಷ್ಟ ಪಂಗಡದವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದ ಪುರಾವೆ ತರಬೇಕು. ಕುರಿಯ ಹಿಂದೆ ಅಲೆಯುವವನು 75 ವರ್ಷದ ಕಾಗದವನ್ನು ಎಲ್ಲಿ ಇಟ್ಟುಕೊಂಡಾನು? ಕಂಬಳಿಯ ಮಡಿಕೆಯಲ್ಲೇ?

ನಾವು ಧಾಮದ ವಿರೋಧಿಗಳಲ್ಲ. ಕಂಪನಿಯ ಯಂತ್ರ ಗುಡ್ಡಕ್ಕೆ ಬಾಯಿ ಹಾಕುವುದಕ್ಕಿಂತ ಧಾಮದ ಕಟ್ಟಳೆ ಸಾವಿರ ಪಾಲು ಮೇಲು. ಯದ್ವಾತದ್ವಾ ಬೇರು ಕಿತ್ತರೆ ಗಿಡದ ಸಂತತಿಯೇ ಉಳಿಯದು ಎಂಬುದೂ ನಿಜ. ಬಾದೆ ಹುಲ್ಲು ಒಣಗಿದ ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬೀಳುವುದೂ ನಿಜ. ಆದರೆ ಬೆಂಕಿ ಬಿದ್ದಾಗ ಸೊಪ್ಪಿನ ಟೊಂಗೆ ಹಿಡಿದು ಆರಿಸಲು ಊರವರು ಬೇಕು, ಗಿಡದ ಹೆಸರು ಕೇಳಲು ಊರವರು ಬೇಕು, ಪಟ್ಟಿ ಸಿದ್ಧವಾದಮೇಲೆ ಊರವರು ಬೇಡ. ಇದೆಂಥ ನ್ಯಾಯ?

ಸಸ್ಯ ಸಮೀಕ್ಷೆ ಎಂದರೇನೆಂದು ಇಲ್ಲಿ ನಾಲ್ಕು ಮಾತು ಹೇಳಬೇಕು. ಮೋಟಾರಿನಲ್ಲಿ ಬಂದು, ಫೋಟೋ ತೆಗೆದು, ಸಂಜೆಗೆ ಊರು ಸೇರುವುದು ಸಮೀಕ್ಷೆಯಲ್ಲ. ಗುಡ್ಡದ ಮೇಲೆ ಅಲ್ಲಲ್ಲಿ ಹಗ್ಗ ಹಿಡಿದು ಚೌಕ ಹಾಕಿ, ಆ ಚೌಕದೊಳಗಿನ ಮರ, ಕಂಟಿ, ಬಳ್ಳಿ, ಹುಲ್ಲು ಎಲ್ಲವನ್ನೂ ಎಣಿಸಬೇಕು. ಮುಂದಿನ ವರ್ಷ ಅದೇ ಚೌಕಕ್ಕೆ ಬಂದು ಮತ್ತೆ ಎಣಿಸಬೇಕು, ಇಲ್ಲವಾದರೆ ಹೆಚ್ಚಿತೋ ಕುಗ್ಗಿತೋ ತಿಳಿಯದು. ಗುರುತು ಸಿಗದ ಗಿಡದ ಹೂ-ಕಾಯಿ ಸಹಿತವಾದ ಟೊಂಗೆ ಕತ್ತರಿಸಿ, ಹಳೆಯ ವೃತ್ತಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿ, ಎಲ್ಲಿ, ಯಾವ ದಿನ, ಯಾರು ಕಂಡರು ಎಂದು ಚೀಟಿ ಬರೆದು ಸಸ್ಯಾಗಾರದಲ್ಲಿ ಇಡಬೇಕು. (ನಮ್ಮ ಪತ್ರಿಕೆ ಬೇರೆ ಯಾವುದಕ್ಕೂ ಬಾರದೆಂಬ ನಮ್ಮ ಟೀಕಾಕಾರರು ಈ ಉಪಯೋಗವನ್ನಾದರೂ ಒಪ್ಪಿಯಾರು.) ಎಲ್ಲಕ್ಕೂ ಮುಖ್ಯವಾದದ್ದು ಕಾಲ. ನಮ್ಮ ಒಣ ಗುಡ್ಡಗಳಲ್ಲಿ ಅನೇಕ ಮೂಲಿಕೆಗಳು ಮೃಗದ ಮಳೆ ಬಿದ್ದ ಮೇಲೆ ನೆಲದಿಂದ ಮೇಲೆ ಬಂದು, ಹೂಬಿಟ್ಟು, ದೀಪಾವಳಿಯ ಹೊತ್ತಿಗೆ ಒಣಗಿ ಮತ್ತೆ ಗಡ್ಡೆಯಾಗಿ ಮಲಗಿಬಿಡುತ್ತವೆ. ವರ್ಷದ ಕೊನೆಗೆ, ಮಾರ್ಚ ತಿಂಗಳಲ್ಲಿ, ಹಣ ಖರ್ಚು ಹಾಕುವ ಅವಸರದಲ್ಲಿ ಗುಡ್ಡಕ್ಕೆ ಬಂದವನಿಗೆ ಅವು ಕಾಣುವುದೇ ಇಲ್ಲ. ಕಾಣದ ಗಿಡ ಪಟ್ಟಿಗೆ ಬಾರದು. ಪಟ್ಟಿಯಲ್ಲಿಲ್ಲದ ಗಿಡಕ್ಕೆ ರಕ್ಷಣೆಯ ಮಾತೇ ಇಲ್ಲ. ನಾಳೆ ಗಣಿಯವನು ಅದೇ ಪಟ್ಟಿ ಹಿಡಿದು ಬಂದು, "ಇಲ್ಲಿ ಏನಿದೆ? ಬರೀ ಕುರುಚಲು" ಎಂದರೆ ಯಾವ ಬಾಯಿಂದ ಉತ್ತರ ಹೇಳುವಿರಿ?

ಆದ್ದರಿಂದ ಮೂರೂ ಕಾಲ ಗುಡ್ಡದ ಮೇಲಿರುವವನೇ ಗುಡ್ಡವನ್ನು ಎಣಿಸಲು ತಕ್ಕವನು. ಅವನಿಗೆ ಲ್ಯಾಟಿನ್ ಬಾರದು, ನಿಜ. ವಿಶ್ವವಿದ್ಯಾಲಯದವನಿಗೆ ಬರುತ್ತದೆ. ಇಬ್ಬರೂ ಕೂಡಿ ಕೆಲಸ ಮಾಡಲಿ. ಆದರೆ ಒಬ್ಬನು ಸಂಬಳದವನು, ಮತ್ತೊಬ್ಬನು ಬಿಟ್ಟಿ ದಾರಿ ತೋರಿಸುವವನು ಎಂಬ ಕಟ್ಟಳೆ ಹೋಗಬೇಕು.

ಬಿಟ್ಟಿ ದಾರಿ ತೋರಿಸಿದವರ ಕಥೆಯೊಂದಿದೆ. 1987ರಲ್ಲಿ ಕೇರಳದ ಅಗಸ್ತ್ಯಮಲೆಯಲ್ಲಿ ವಿಜ್ಞಾನಿಗಳ ತಂಡವೊಂದು ಇಂಥದೇ ಸಮೀಕ್ಷೆಗೆ ಹೋಗಿತ್ತು. ಏರುಹಾದಿಯಲ್ಲಿ ವಿಜ್ಞಾನಿಗಳು ಸೋತು ಕುಳಿತರು. ದಾರಿ ತೋರಿಸುತ್ತಿದ್ದ ಕಾಣಿ ಎಂಬ ಬುಡಕಟ್ಟಿನವರು ಯಾವುದೋ ಕಾಯಿ ಅಗಿಯುತ್ತ ಸುಸ್ತಿಲ್ಲದೆ ನಡೆದರು. ಕೇಳಿದಾಗ ಮೊದಲು ಹೇಳಲೊಲ್ಲದೆ, ಕೊನೆಗೆ ಗಿಡ ತೋರಿಸಿದರು. ಅದೇ ಆರೋಗ್ಯಪಚ್ಚೆ. ಅದರಿಂದ 'ಜೀವನಿ' ಎಂಬ ಔಷಧಿ ಸಿದ್ಧವಾಯಿತು. ಕೊಯಮುತ್ತೂರಿನ ಕಂಪನಿಯೊಂದಕ್ಕೆ ಹತ್ತು ಲಕ್ಷ ರೂಪಾಯಿಗೆ ಪರವಾನಿಗೆ ಹೋಯಿತು. ಸಂಸ್ಥೆಯ ಮುಖ್ಯಸ್ಥರು ನ್ಯಾಯವಂತರಾದ್ದರಿಂದ ಅದರಲ್ಲಿ ಅರ್ಧ ಕಾಣಿ ಜನರಿಗೆ ಸಲ್ಲಬೇಕೆಂದು ಗೊತ್ತಾಯಿತು. ದೇಶವಿದೇಶಗಳಲ್ಲಿ ಹೊಗಳಿಕೆಯೂ ಬಂತು. ಆದರೆ ಎಲೆ ಬೆಳೆದು ಮಾರಿ ಹೊಟ್ಟೆ ಹೊರೆಯಲು ಹೊರಟ ಕಾಣಿಗಳನ್ನು ಅರಣ್ಯ ಇಲಾಖೆ ತಡೆಯಿತು. ಗುಟ್ಟು ಹೇಳಿದ್ದಕ್ಕೆ ಮಾನಪತ್ರ, ಗಿಡ ಮುಟ್ಟಿದ್ದಕ್ಕೆ ಮೊಕದ್ದಮೆ!

ಇಂಥ ಅನ್ಯಾಯ ಆಗಬಾರದೆಂದೇ 2002ರಲ್ಲಿ ಜೀವವೈವಿಧ್ಯ ಕಾಯದೆ ಬಂತು. ಪ್ರತಿಯೊಂದು ಗ್ರಾಮ ಪಂಚಾಯತಿಯಲ್ಲೂ ಒಂದು ನಿರ್ವಹಣಾ ಸಮಿತಿ, ಆ ಸಮಿತಿಯ ಕೈಯಲ್ಲಿ ಒಂದು ಜನತಾ ಜೀವವೈವಿಧ್ಯ ದಾಖಲೆ. ಊರಿನ ಗಿಡ, ಬಳ್ಳಿ, ಬೀಜ, ದನ, ಮೀನು, ಅವುಗಳ ಬಗ್ಗೆ ಊರವರಿಗಿರುವ ತಿಳಿವಳಿಕೆ ಎಲ್ಲ ಅದರಲ್ಲಿ ಬರೆದಿರಬೇಕು. ಯಾವ ಕಂಪನಿ ಅದರಿಂದ ಲಾಭ ಮಾಡಿದರೂ ಊರಿಗೆ ಪಾಲು ಸಲ್ಲಬೇಕು. ಕಾಯದೆ ಚೆನ್ನಾಗಿದೆ. ಚೆನ್ನಾದ ಕಾಯದೆಗೆ ಆಗುವ ಗತಿಯೇ ಇದಕ್ಕೂ ಆಯಿತು. 2016ರ ಹೊತ್ತಿಗೆ ಇಡೀ ದೇಶದಲ್ಲಿ ಇಂಥ ದಾಖಲೆಗಳು ಒಂದೂವರೆ ಸಾವಿರಕ್ಕಿಂತ ಕಡಿಮೆ. ಆಮೇಲೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಚಾಟಿ ಬೀಸಿತು: 2020ರ ಜನವರಿ 31ರೊಳಗೆ ಮುಗಿಸದ ರಾಜ್ಯಕ್ಕೆ ತಿಂಗಳಿಗೆ ಹತ್ತು ಲಕ್ಷ ರೂಪಾಯಿ ದಂಡ! ನೋಡನೋಡುತ್ತಿದ್ದಂತೆ ದಾಖಲೆಗಳು ಎರಡು ಲಕ್ಷ ದಾಟಿದವು. ಹದಿನಾಲ್ಕು ವರ್ಷದಲ್ಲಿ ಆಗದ್ದು ಎರಡು ಮೂರು ವರ್ಷದಲ್ಲಿ ಆದರೆ, ಅದನ್ನು ಪವಾಡವೆನ್ನಬೇಕೋ ನಕಲು ಎನ್ನಬೇಕೋ ಓದುಗರೇ ಹೇಳಲಿ. ಮೂರು ಋತು ಕಾಯಬೇಕಾದ ಗಿಡಗಳು ದಂಡದ ಹೆದರಿಕೆಗೆ ಒಮ್ಮೆಲೇ ಹೂಬಿಟ್ಟುವೇನು?

ಪಾಲಿನ ಕಥೆಯನ್ನೂ ಕೇಳಿರಿ. 2014ರ ನಿಯಮದಂತೆ ಕಂಪನಿ ಕೊಡಬೇಕಾಗಿದ್ದದ್ದು ಹೆಚ್ಚೆಂದರೆ ಕಾರಖಾನೆಯ ಮಾರಾಟದ ನೂರು ರೂಪಾಯಿಗೆ ಐವತ್ತು ಪೈಸೆ. ಅದನ್ನೂ ಕೊಡಲೊಲ್ಲೆನೆಂದು ಹರಿದ್ವಾರದ ದಿವ್ಯ ಫಾರ್ಮಸಿ ಉತ್ತರಾಖಂಡದ ಹೈಕೋರ್ಟಿಗೆ ಹೋಯಿತು. 421 ಕೋಟಿ ರೂಪಾಯಿಯಲ್ಲಿ ಸುಮಾರು ಎರಡು ಕೋಟಿ ಕೇಳಿದ್ದೇ ಅದಕ್ಕೆ ಅಪರಾಧವಾಗಿ ಕಂಡಿತು. 2018ರ ಡಿಸೆಂಬರದಲ್ಲಿ ಕೋರ್ಟು, ದೇಶದ ಕಂಪನಿಯೂ ಪಾಲು ಕೊಡಲೇಬೇಕೆಂದು ತೀರ್ಪಿತ್ತಿತು. ಬಡವರ ಪರ ತೀರ್ಪು ಬಂದರೆ ಕಾಯದೆಯನ್ನೇ ತಿದ್ದುವುದು ನಮ್ಮ ಆಳುವವರ ಹಳೆಯ ಚಾಳಿ. 2023ರಲ್ಲಿ ಸಂಸತ್ತು ತಿದ್ದುಪಡಿ ಮಾಡಿತು. ಶಾಸ್ತ್ರಗ್ರಂಥಗಳಲ್ಲಿ ಬರೆದಿಟ್ಟ ತಿಳಿವಳಿಕೆಯನ್ನು ಬಳಸಿದರೆ ಪಾಲು ಕೊಡಬೇಕಾಗಿಲ್ಲ. ನಿಯಮ ಮುರಿದವನಿಗೆ ಐದು ವರ್ಷದವರೆಗೆ ಇದ್ದ ಸೆರೆಮನೆಯ ಶಿಕ್ಷೆಯೂ ಇಲ್ಲ, ದಂಡ ಕಟ್ಟಿದರೆ ಸಾಕು. ಗ್ರಂಥದಲ್ಲಿರುವುದು ಎಲ್ಲರ ಸೊತ್ತಂತೆ! ಆಗಲಿ. ಎಲ್ಲರ ಸೊತ್ತಿನ ಲಾಭ ಒಬ್ಬನ ಪೆಟ್ಟಿಗೆಗೇಕೆ ಹೋಗುತ್ತದೆ? ಒಂದು ಹಿಡಿ ಬೇರಿಗೆ ಮುದುಕಿಯನ್ನು ಹಿಡಿಯುವ ಕಾಯದೆ ಹಾಗೆಯೇ ಇದೆ, ಗಾಡಿಗಟ್ಟಲೆ ಒಯ್ಯುವವನನ್ನು ಸೆರೆಗೆ ಹಾಕುವ ಕಲಮು ಮಾತ್ರ ಮಾಯವಾಯಿತು.

ಇದೆಲ್ಲ ದೂರದ ಸಂಗತಿ ಎನ್ನುವವರು ಧಾರವಾಡದ ಬದನೆಕಾಯಿಯನ್ನು ನೆನೆಯಲಿ. ಮಲಾಪುರ, ಕುಡಚಿ, ಉಡುಪಿ, ಮಂಜರಿ ಗೋಟಾ ಮುಂತಾದ ನಮ್ಮ ನಾಟಿ ತಳಿಗಳೊಳಗೆ ಕುಲಾಂತರಿ ಗುಣ ಸೇರಿಸಿ ಬೀಟಿ ಬದನೆ ಮಾಡಿದರು. ಅದರಲ್ಲಿ ಮಹಿಕೊ ಕಂಪನಿಯೊಂದಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಕೂಡಿತ್ತು. ಜನರ ಒತ್ತಡಕ್ಕೆ 2010ರ ಫೆಬ್ರುವರಿಯಲ್ಲಿ ಕೇಂದ್ರ ಸರಕಾರ ಆ ಬೆಳೆಯನ್ನು ತಡೆಹಿಡಿಯಿತು. ಆದರೆ ತಳಿ ತೆಗೆದುಕೊಳ್ಳುವಾಗ ಊರವರನ್ನಾಗಲಿ ಜೀವವೈವಿಧ್ಯ ಮಂಡಳಿಯನ್ನಾಗಲಿ ಕೇಳಲಿಲ್ಲವೆಂಬ ದೂರು ಎದ್ದು, 2012ರಲ್ಲಿ ಧಾರವಾಡದ ನ್ಯಾಯಾಲಯದ ಮೆಟ್ಟಿಲೇರಿತು. ಈ ಕಾಯದೆಯ ಕೆಳಗೆ ದೇಶದಲ್ಲಿ ಹೆಸರಾದ ಮೊಕದ್ದಮೆ ನಮ್ಮ ಜಿಲ್ಲೆಯ ಬದನೆಕಾಯಿಯದು. ಆ ಬದನೆಯ ಬೀಜವನ್ನು ಬೂದಿಯಲ್ಲಿ ಕಲಸಿ ಗಡಿಗೆಯಲ್ಲಿಟ್ಟು ಕಾಪಾಡಿದವರ ಹೆಸರು ಯಾವ ಕಡತದಲ್ಲೂ ಸಿಗದು.

"ಪಟ್ಟಿಯನ್ನು ಬಹಿರಂಗ ಮಾಡಿದರೆ ಕಳ್ಳ ವ್ಯಾಪಾರಿಗಳಿಗೆ ದಾರಿ ತೋರಿಸಿದಂತಾಗುತ್ತದೆ" ಎಂದು ಅಧಿಕಾರಿಗಳು ಹೇಳುತ್ತಾರೆ. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಅಪರೂಪದ ಗಡ್ಡೆ ಯಾವ ಓರೆಯಲ್ಲಿದೆ ಎಂಬುದನ್ನು ಗೋಡೆಯ ಮೇಲೆ ಬರೆಯಬೇಕೆಂದು ನಾವೂ ಕೇಳುವುದಿಲ್ಲ. ಅದು ಸಮಿತಿಯ ಮುಚ್ಚಿದ ಕಡತದಲ್ಲಿರಲಿ. ಆದರೆ ಊರಿನ ತಿಳಿವಳಿಕೆಯನ್ನು ಊರಿಗೇ ಗುಟ್ಟು ಮಾಡಿ, ಬೆಂಗಳೂರಿನ ಕಪಾಟಿನಲ್ಲಿಟ್ಟು, ಕಂಪನಿಯ ವಿಜ್ಞಾನಿ ಬಂದಾಗ ತೆರೆಯುವುದು ಯಾವ ಕಾವಲು? ಕಪ್ಪತಗುಡ್ಡದ ಸಮೀಕ್ಷೆ ಮಳೆಗಾಲದಿಂದ ಬೇಸಿಗೆಯವರೆಗೆ ನಡೆಯಲಿ. ಎಣಿಸುವ ತಂಡದಲ್ಲಿ ಗುಡ್ಡದ ಊರುಗಳ ಗಂಡಸರೂ ಹೆಂಗಸರೂ ಇರಲಿ; ಅವರ ದಿನಗೂಲಿ ಹಾಜರಿಪಟ್ಟಿಯಲ್ಲಿ ಏರಲಿ; ಒಣಗಿಸಿದ ಪ್ರತಿಯೊಂದು ಗಿಡದ ಚೀಟಿಯಲ್ಲಿ ಅದನ್ನು ತೋರಿಸಿದವರ ಹೆಸರು, ಅವರು ಒಪ್ಪಿದರೆ, ಬರೆದಿರಲಿ. ಪಟ್ಟಿ ಕನ್ನಡದಲ್ಲಿ ಅಚ್ಚಾಗಿ ಗ್ರಾಮಸಭೆಯಲ್ಲಿ ಓದಿಸಿಕೊಳ್ಳಲಿ. ಮನೆಮದ್ದಿಗೆ ಎಷ್ಟು ಕೀಳಬಹುದು, ಯಾವ ತಿಂಗಳು ಮುಟ್ಟಬಾರದು ಎಂಬುದನ್ನು ಕೀಳುವವರೊಡನೆ ಕುಳಿತು ಗೊತ್ತು ಮಾಡಲಿ. ಪೇಟೆಯ ಸಣ್ಣ ಮೂಲಿಕೆ ವ್ಯಾಪಾರಿಯನ್ನೂ ಆ ಸಭೆಗೆ ಕರೆಯಲಿ, ಏಕೆಂದರೆ ಯಾವ ಬೇರು ಈಚೆಗೆ ಬರುವುದು ನಿಂತಿದೆ ಎಂಬುದು ಇಲಾಖೆಗಿಂತ ಮೊದಲು ಅವನ ತಕ್ಕಡಿಗೆ ಗೊತ್ತಾಗುತ್ತದೆ.

ಇನ್ನು ಶಿರಗುಪ್ಪಿಯ ಮಾತು. ಅಡವಿಯಿಲ್ಲದ ಊರಿಗೂ ಈ ಕಾಯದೆ ಅನ್ವಯಿಸುತ್ತದೆ. ಎರೆಹೊಲದ ಬದುವಿನಲ್ಲಿ ಹಕ್ಕರಕಿ, ಕಿರಕಸಾಲಿ, ಉತ್ತರಾಣಿ, ತುಂಬೆ. ಹಳ್ಳದ ದಂಡೆಯಲ್ಲಿ ಲಕ್ಕಿ. ಗಾಯರಾಣದಲ್ಲಿ ಬನ್ನಿ, ಕರಿಜಾಲಿ. ಕಳೆ ತೆಗೆಯುವ ಹೆಣ್ಣಾಳುಗಳಿಗೆ ಇದರಲ್ಲಿ ಯಾವುದು ಪಲ್ಯಕ್ಕೆ, ಯಾವುದು ಹಲ್ಲುನೋವಿಗೆ, ಯಾವುದು ದನಕ್ಕೆ ಎಂಬುದು ಬಾಯಿಪಾಠ. ಕಳೆನಾಶಕ ಸಿಂಪಡಿಸುವ ಹೊಲಗಳಲ್ಲಿ ಇವೆಲ್ಲ ಒಂದೊಂದಾಗಿ ಮಾಯವಾಗುತ್ತಿವೆ. ಜೊತೆಗೆ ಕಳೆ ತೆಗೆಯುವ ಕೂಲಿಯೂ ಮಾಯವಾಗುತ್ತಿದೆ. ಇವುಗಳನ್ನು ಬರೆದಿಟ್ಟ ದಾಖಲೆ ನಿಮ್ಮ ಪಂಚಾಯತಿಯ ಕಪಾಟಿನಲ್ಲಿ ಇರಬೇಕು. ಶಿರಗುಪ್ಪಿಯವರಾಗಲಿ, ಕುಸುಗಲ್ಲ, ಹೆಬಸೂರಿನವರಾಗಲಿ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಅದನ್ನು ಮೇಜಿನ ಮೇಲೆ ತರಿಸಿರಿ. ಎಷ್ಟು ದಿನದಲ್ಲಿ ಬರೆದರು, ಯಾರಿಂದ ಬರೆಯಿಸಿದರು, ಊರಿನ ಯಾವ ಮನೆಯ ಬಾಗಿಲಿಗೆ ಹೋಗಿ ಕೇಳಿದರು, ಎಷ್ಟು ಹಣ ಕೊಟ್ಟರು ಎಂದು ಕೇಳಿರಿ. ಕೊಡಲೊಲ್ಲೆನೆಂದರೆ 2005ರ ಮಾಹಿತಿ ಹಕ್ಕಿನ ಕಾಯದೆಯಿದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿರಿ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಬರೆಯಲು ಬಾರದವರು ನಮ್ಮ ಕಚೇರಿಗೆ ಬನ್ನಿರಿ, ಬರೆದುಕೊಡುತ್ತೇವೆ. ಉತ್ತರದ ಪ್ರತಿ ಕಳಿಸಿದರೆ ಊರಿನ ಹೆಸರು ಹಾಕಿ ಅಚ್ಚು ಮಾಡುತ್ತೇವೆ.